ನರಿಕೊಂಬಿನ ಹಸುರು ಸಂಸಾರ

ಮಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಟ ಬಸ್ಸು ನೇತ್ರಾವತಿಯ ದಂಡೆಯ ಜಾಡನ್ನೇ ಹಿಡಿದು ಸುಮಾರು 25 ಕಿಲೋಮೀಟರು ಸಾಗಿ ಬಿ.ಸಿ. ರೋಡಿನಲ್ಲಿ ನಿಲ್ಲುತ್ತದೆ. ಬಂಟ್ವಾಳ ಕ್ರಾಸ್ ರೋಡ್ ಎಂಬ ಪೂರ್ಣನಾಮವನ್ನು ಈಗ ಯಾರೂ ಉಚ್ಚರಿಸುವುದಿಲ್ಲ. ಅಲ್ಲಿಂದ ಹೊಳೆಯನ್ನು ದಾಟಿ ಪಾಣೆಮಂಗಳೂರಿಗೆ ಬಂದು, ಪ್ರವಾಹಕ್ಕೆ ಎದುರಾಗಿ ದಂಡೆಯ ಮೇಲ್ಭಾಗಕ್ಕೆ ತಿರುಗಿದರೆ ನರಿಕೊಂಬು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಗುಡ್ಡ. ನಡುವೆ ಅಡಿಕೆ ತೋಟಗಳು, ತೆಂಗು, ಅಳಿದುಳಿದ ಗದ್ದೆಗಳು. ನೋಡತಕ್ಕ ಸ್ಥಳಗಳ ಪಟ್ಟಿ ಹಿಡಿದು ಬಂದವನಿಗೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ. ಗಿಡಮರಗಳನ್ನು ನೋಡಬಲ್ಲವನಿಗೆ ಮಾತ್ರ ಒಂದು ದಿನ ಸಾಲದು.

ಊರಿನ ಹೆಸರನ್ನು ಕೇಳಿ ಪಟ್ಟಣದ ಮಕ್ಕಳು ನಗುವುದುಂಟು. ನರಿಗೆ ಕೊಂಬು ಎಲ್ಲಿಂದ ಬಂತು? ಹಿಂದಿನ ತಾರ್ಕಿಕರು ಜಗತ್ತಿನಲ್ಲಿ ಇಲ್ಲದ ವಸ್ತುಗಳಿಗೆ ಎರಡು ಉದಾಹರಣೆಗಳನ್ನು ಕೊಡುತ್ತಿದ್ದರು: ಒಂದು ಮೊಲದ ಕೊಂಬು, ಮತ್ತೊಂದು ಗಗನಕುಸುಮ. ಮೊಲದ ಪಕ್ಕದಲ್ಲಿ ನರಿಯನ್ನೂ ನಿಲ್ಲಿಸಬಹುದೆನ್ನಿ. ಆದರೆ ಗಗನಕುಸುಮದ ವಿಷಯದಲ್ಲಿ ಆ ಪಂಡಿತರು ಕರಾವಳಿಯ ಹಲಸಿನ ಮರಗಳನ್ನು ನೋಡಿರಲಿಲ್ಲವೆಂದು ತೋರುತ್ತದೆ. ಮಳೆಗಾಲದ ಹೊಸ್ತಿಲಲ್ಲಿ ಈ ಮರಗಳ ಕೊಂಬೆಗಳಿಂದ ಸೀತಾಳೆ ದಂಡೆ ಎಂಬ ಹೂವಿನ ಗೊಂಚಲು ಜಡೆಯಂತೆ ಕೆಳಕ್ಕೆ ಜೋಲುತ್ತದೆ. ಬಿಳುಪಿನ ಮೇಲೆ ನೇರಳೆಯ ಚುಕ್ಕೆ ಇಟ್ಟ ಹೂಗಳು. ಈ ಗಿಡಕ್ಕೆ ಮಣ್ಣಿನ ಸಂಬಂಧವೇ ಇಲ್ಲ. ಮರದ ತೊಗಟೆಗೆ ಆತುಕೊಂಡಿರುತ್ತದೆ, ಆದರೆ ಮರದ ರಸವನ್ನು ಹೀರುವುದಿಲ್ಲ. ಬಂದಣಿಕೆಯ ಜಾತಿಯಲ್ಲ ಇದು. ಗಾಳಿಯಲ್ಲಿ ತೂಗುವ ಇದರ ಬೇರುಗಳ ಹೊರಮೈಯಲ್ಲಿ ಸತ್ತ ಜೀವಕೋಶಗಳ ಬೆಳ್ಳನೆಯ ಹೊದಿಕೆಯೊಂದಿದೆ. ಮಳೆಹನಿ ಬಿದ್ದ ಕ್ಷಣದಲ್ಲಿ ಅದು ಸ್ಪಂಜಿನಂತೆ ನೀರನ್ನು ಹೀರಿ ಒಳಗಿನ ಬೇರಿಗೆ ದಾಟಿಸುತ್ತದೆ. ಬೀಜವೋ, ಧೂಳಿಗಿಂತ ಹೆಚ್ಚಿನದಲ್ಲ. ಅದರಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಗಾಳಿಯಲ್ಲಿ ತೇಲಿ ತಕ್ಕ ತೊಗಟೆಯ ಮೇಲೆ ಇಳಿದು, ಅಲ್ಲಿ ತಕ್ಕ ಶಿಲೀಂಧ್ರವೊಂದು ಸಿಕ್ಕಿ ಉಣಿಸಿದರೆ ಬದುಕು, ಇಲ್ಲವಾದರೆ ಇಲ್ಲ. ಅದಕ್ಕಾಗಿಯೇ ಒಂದೊಂದು ಕಾಯಿಯಲ್ಲಿ ಲೆಕ್ಕವಿಲ್ಲದಷ್ಟು ಬೀಜಗಳು.

ಈ ಸೀಮೆಯ ಸಸ್ಯಗಳ ಬಾಳನ್ನೆಲ್ಲ ಆಳುವುದು ಮಳೆ. ಬಂಟ್ವಾಳದ ಸುತ್ತ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಬೆಂಗಳೂರಿನ ಪಾಲಿಗೆ ಬರುವುದರ ನಾಲ್ಕು ಪಟ್ಟು. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಡಿಸೆಂಬರ್ ಬಂತೆಂದರೆ ಆಕಾಶ ಬರಿದು, ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವುದೂ ಉಂಟು. ನಾಲ್ಕು ತಿಂಗಳು ಕೊಳೆಯದೆ ಉಳಿಯಬೇಕು, ಮತ್ತೆ ಅಷ್ಟೇ ತಿಂಗಳು ಒಣಗದೆ ಉಳಿಯಬೇಕು. ಹೊಳೆಯ ಅಂಚಿನಿಂದ ಗುಡ್ಡದ ನೆತ್ತಿಗೆ ಇರುವ ಸಣ್ಣ ದಾರಿಯಲ್ಲಿ ಪ್ರತಿಯೊಂದು ಗಿಡವೂ ಈ ಎರಡು ಸಂಕಟಗಳಿಗೆ ತನ್ನದೇ ಉಪಾಯವನ್ನು ಕಂಡುಕೊಂಡಿದೆ. ಕಂಡುಕೊಳ್ಳಲಾರದೆ ಮನುಷ್ಯನ ಕೈ ಹಿಡಿದಿರುವುದು ಒಂದೇ. ಊರಿನ ಅನ್ನ ನಿಂತಿರುವುದು ಅದರ ಮೇಲೆಯೇ.

ಮೊದಲು ಹೊಳೆಯ ಕಡೆ ನೋಡೋಣ. ನೇತ್ರಾವತಿಯ ಕೋಪವನ್ನು ಬಂಟ್ವಾಳ, ಪಾಣೆಮಂಗಳೂರಿನ ಜನ ಬಲ್ಲರು. 1923ರ ಮತ್ತು 1974ರ ನೆರೆಗಳ ಮಾತು ಇಂದಿಗೂ ಮನೆಮನೆಯಲ್ಲಿ ಬರುತ್ತದೆ. ಪಶ್ಚಿಮಘಟ್ಟದಿಂದ ಇಳಿಯುವ ಇಂಥ ಹೊಳೆಗಳ ಬಂಡೆಸಾಲಿನಲ್ಲಿ ಬೆಳೆಯುವ ಒಂದು ಪೊದೆಯಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಹೊಮೊನೊಯಿಯ ರೈಪೇರಿಯ ಎನ್ನುತ್ತಾರೆ. ಎಲೆ ಕಿರಿದು, ಉದ್ದ. ಕೊಂಬೆ ಬೆತ್ತದಂತೆ ಬಾಗುವಂಥದು. ಬೇರು ಬಂಡೆಯ ಬಿರುಕಿನೊಳಕ್ಕೆ ಇಳಿದಿರುತ್ತದೆ. ನೆರೆ ಬಂದಾಗ ದಡದ ಹೆಮ್ಮರ ಎದೆಯೊಡ್ಡಿ ಬೀಳುತ್ತದೆ. ಈ ಪೊದೆ ನೀರಿನ ದಿಕ್ಕಿಗೆ ಮಲಗಿ, ವಾರಗಟ್ಟಲೆ ಮುಳುಗಿದ್ದು, ನೀರು ಇಳಿದ ಮೇಲೆ ಕಸಕಡ್ಡಿಗಳನ್ನು ಹೊತ್ತುಕೊಂಡೇ ಮತ್ತೆ ಮೇಲೇಳುತ್ತದೆ. ದಂಡೆಯ ಹೊಂಗೆ, ಹೊನ್ನೆಗಳ ಕಾಯಿಗಳು ತೇಲಬಲ್ಲವು. ಅವುಗಳಿಗೆ ನೆರೆ ಒಂದು ಸವಾರಿ. ಇದೇ ನೀರು ಕೆಳಗೆ ತುಂಬೆಯ ಅಣೆಕಟ್ಟಿನಲ್ಲಿ ನಿಂತು ಮಂಗಳೂರಿನ ನಲ್ಲಿಗಳಿಗೆ ಹೋಗುತ್ತದೆಂಬುದನ್ನು ಆ ಪಟ್ಟಣದ ಓದುಗರು ನೆನಪಿಡಬಹುದು.

ಹೊಳೆಯ ಮಗ್ಗುಲ ಬೈಲಿನಲ್ಲಿ ಭತ್ತ. ನೀರಿನಲ್ಲಿ ನಿಂತ ಬೇರಿಗೆ ಉಸಿರು ಕಟ್ಟದಿರಲೆಂದು ಭತ್ತದ ಗಿಡ ಎಲೆಯಿಂದ ಬೇರಿನ ತನಕ ಗಾಳಿಯ ಕೊಳವೆಗಳನ್ನು ಇಟ್ಟುಕೊಂಡಿದೆ. ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗೆ ತಕ್ಕಂತೆ ಗದ್ದೆಗಳನ್ನು ವಿಂಗಡಿಸಿ, ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಗಳನ್ನು ತೆಗೆಯುತ್ತಿದ್ದ ಕಾಲ ಈ ತಾಲೂಕಿನಲ್ಲಿ ಬಹುಮಟ್ಟಿಗೆ ಮುಗಿದಿದೆ. ಗದ್ದೆಗಳು ತೋಟಗಳಾಗಿವೆ.

ಗುಡ್ಡದ ಮೇಲಿನ ಸಮತಟ್ಟನ್ನು ಇಲ್ಲಿಯವರು ಪದವು ಎನ್ನುತ್ತಾರೆ. ಪಟ್ಟಣದ ನೆಂಟನು ಅತ್ತ ಹೊರಟರೆ ಮನೆಯವರು ತಡೆದು ಕೇಳುವುದು ಒಂದೇ ಮಾತು: “ಬರೀ ಪಾದೆ ಮಾರಾಯ್ರೆ, ಅಲ್ಲಿ ಎಂಥದುಂಟು?” ನಿಜ, ಬೇಸಗೆಯಲ್ಲಿ ಅಲ್ಲಿ ಕಾಣುವುದು ಸುಟ್ಟ ಇಟ್ಟಿಗೆಯ ಬಣ್ಣದ ಮುರಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಶಬ್ದದಿಂದಲೇ ಇದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. 1807ರಲ್ಲಿ ಅವನ ಪ್ರವಾಸಗ್ರಂಥ ಅಚ್ಚಾಯಿತು. ಯುಗಯುಗಗಳ ಮಳೆ ಬಂಡೆಯ ಸಾರವನ್ನೆಲ್ಲ ತೊಳೆದು ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳನ್ನು ಉಳಿಸಿದ ನೆಲ ಇದು. ಹೆಚ್ಚಿನ ಗಿಡಗಳಿಗೆ ಇಂಥ ಹುಳಿಮಣ್ಣಿನ ಅಲ್ಯೂಮಿನಿಯಮ್ ವಿಷ.

ಆದರೆ ನೆಕ್ಕರಿಕದ ಪೊದೆಯನ್ನು ನೋಡಿ. ಅಲ್ಯೂಮಿನಿಯಮ್ಮಿಗೆ ಹೆದರಿ ಅದು ದೂರ ಸರಿಯುವುದಿಲ್ಲ. ಹೀರಿಕೊಂಡು ಎಲೆಗಳಲ್ಲಿ ಕೂಡಿಡುತ್ತದೆ. ಇದರ ಹೂವಿನ ಸಂಸಾರ ಇನ್ನೂ ಸೋಜಿಗದ್ದು. ನಸುನೇರಳೆಯ ಹೂವಿನಲ್ಲಿ ಎರಡು ಬಗೆಯ ಕೇಸರಗಳಿವೆ. ಹಳದಿಯವು ಕಣ್ಣಿಗೆ ಎದ್ದು ಕಾಣುತ್ತವೆ. ಅವು ದುಂಬಿಯ ಊಟಕ್ಕೆ. ನೇರಳೆಯವು ಎಸಳಿನ ಬಣ್ಣದಲ್ಲಿ ಅಡಗಿ ಬಾಗಿರುತ್ತವೆ, ಅವು ವಂಶಕ್ಕೆ. ದುಂಬಿ ಹಳದಿಯದನ್ನು ತಬ್ಬಿ ರೆಕ್ಕೆಯ ಸ್ನಾಯುಗಳನ್ನು ಗುಂಯ್ಗುಟ್ಟಿಸಿ ಪರಾಗವನ್ನು ಉದುರಿಸಿಕೊಳ್ಳುವಾಗ, ನೇರಳೆಯ ಕೇಸರ ಅದರ ಮೈಗೆ ಸದ್ದಿಲ್ಲದೆ ತನ್ನ ಪುಡಿಯನ್ನು ಬಳಿದುಬಿಡುತ್ತದೆ. ಉಂಡವನ ಕೈಯಲ್ಲೇ ಓಲೆ ಕಳುಹಿಸುವ ಜಾಣ್ಮೆ! ಹಣ್ಣು ತಿಂದ ಮಕ್ಕಳ ಬಾಯಿ ಕಪ್ಪಾಗುವುದನ್ನು ಬಲ್ಲವರಿಗೆ, ಇದರ ಶಾಸ್ತ್ರೀಯ ನಾಮವಾದ ಮೆಲಸ್ಟೋಮ ಎಂಬ ಗ್ರೀಕ್ ಶಬ್ದಕ್ಕೆ ‘ಕರಿಬಾಯಿ’ ಎಂದೇ ಅರ್ಥವೆಂದರೆ ಸಂತೋಷವಾದೀತು.

ದೈವಗಳ ಆರಾಧನೆಗೆ ಸಲ್ಲುವ ಕೆಂಪು ಕೇಪಳದ್ದು ಬೇರೆ ಲೆಕ್ಕ. ಅದರ ಹೂವಿನ ನಳಿಗೆ ಎಷ್ಟು ನೀಳವೆಂದರೆ, ಉದ್ದ ನಾಲಗೆಯ ಚಿಟ್ಟೆಗೆ ಮಾತ್ರ ಜೇನು ಎಟಕುತ್ತದೆ. ಗೇರುಮರ ಈ ಗುಡ್ಡಗಳ ಹಳೆಯ ನಿವಾಸಿಯಂತೆ ಕಂಡರೂ ಪರದೇಶಿ. ಹದಿನಾರನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ಪೋರ್ಚುಗೀಸರೊಡನೆ ಬಂದದ್ದು, ಇಲ್ಲಿಯ ಬರಡು ನೆಲವೇ ತವರೆಂಬಂತೆ ನೆಲೆಸಿತು. ಹಣ್ಣೆಂದು ಕರೆಯುವುದು ಅದರ ಉಬ್ಬಿದ ತೊಟ್ಟು. ನಿಜವಾದ ಕಾಯಿ ಅದರ ತುದಿಗೆ ಅಂಟಿಕೊಂಡಿರುವ ಬೀಜದ ಗೂಡು.

ಮಳೆ ಹಿಡಿದ ಒಂದೆರಡು ವಾರಗಳಲ್ಲಿ ಪದವು ತನ್ನ ಗುಟ್ಟನ್ನು ಬಿಚ್ಚುತ್ತದೆ. ದಕ್ಷಿಣ ಕನ್ನಡದ ಇಂಥ ಕಲ್ಲುಹಾಸುಗಳ ಮೇಲೆ ಬೆರಳಷ್ಟು ಆಳದ ಮಣ್ಣಿನಲ್ಲಿ, ಬೇಸಗೆಯುದ್ದಕ್ಕೂ ಕಾದಿದ್ದ ಬೀಜಗಳು ಒಮ್ಮೆಗೇ ಏಳುತ್ತವೆ. ಮೂರು ನಾಲ್ಕು ತಿಂಗಳಲ್ಲಿ ಹುಟ್ಟಿ, ಹೂತು, ಬೀಜ ಚೆಲ್ಲಿ ಹೊರಟುಹೋಗುವ ಗಿಡಗಳಿವು. ತೊಳೆದುಹೋದ ಈ ನೆಲದಲ್ಲಿ ಸಾರಜನಕದ ಬರ. ಆದುದರಿಂದ ಕೆಲವು ಬೇಟೆಯನ್ನೇ ಕಲಿತಿವೆ. ಡ್ರಾಸಿರ ಎಂಬ ಇಬ್ಬನಿಗಿಡದ ಎಲೆಯ ಕೂದಲುಗಳ ತುದಿಯಲ್ಲಿ ಹೊಳೆಯುವುದು ಇಬ್ಬನಿಯಲ್ಲ, ಅಂಟು. ಕುಳಿತ ನೊಣ ಏಳಲಾರದು. ಎಲೆ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಇಡಿಯ ಗ್ರಂಥವನ್ನೇ ಬರೆದಾಗ ಅವನ ಮುಖ್ಯ ನಾಯಕ ಇದರ ದಾಯಾದಿಯಾದ ಇಂಗ್ಲೆಂಡಿನ ಡ್ರಾಸಿರವೇ. ಪಕ್ಕದಲ್ಲಿಯೇ ನೀಲಿ ಹೂಗಳ ಹಾಸು ಹಾಸಿರುವ ಯೂಟ್ರಿಕ್ಯುಲೇರಿಯ ಇನ್ನೂ ಸಾಧುವಾಗಿ ಕಾಣುತ್ತದೆ. ಅದರ ಬಲೆಗಳು ಒದ್ದೆಮಣ್ಣಿನೊಳಗೆ. ಸಾಸಿವೆಗಿಂತ ಸಣ್ಣ ಚೀಲಗಳು. ಸೂಕ್ಷ್ಮಜೀವಿಯೊಂದು ಬಾಗಿಲಿನ ಕೂದಲನ್ನು ಮುಟ್ಟಿದರೆ ಸಾಕು, ಸೆಕೆಂಡಿನ ನೂರನೆಯ ಒಂದು ಪಾಲಿಗಿಂತಲೂ ಕಡಮೆ ವೇಳೆಯಲ್ಲಿ ನೀರಿನೊಡನೆ ಒಳಗೆ. ಬರೀ ಪಾದೆ ಎಂದು ಬರೆದುಹಾಕಿದ ನೆಲದಲ್ಲಿ ಇಷ್ಟೆಲ್ಲ ನಡೆದಿರುತ್ತದೆ. ಜಿಲ್ಲೆಯಲ್ಲಿ ಮನೆ ಕಟ್ಟುವ ಕೆಂಪುಕಲ್ಲಿಗಾಗಿ ಯಂತ್ರಗಳು ಪದವುಗಳನ್ನು ಚೌಕಚೌಕವಾಗಿ ಕೊಯ್ಯುತ್ತಿವೆ. ಕೊಯ್ದ ಹೊಂಡದಲ್ಲಿ ಆ ತೆಳ್ಳನೆಯ ಮಣ್ಣಾಗಲಿ ಬೀಜವಾಗಲಿ ಉಳಿಯುವುದಿಲ್ಲ.

ಇನ್ನು ತೋಟಕ್ಕೆ ಇಳಿಯಬೇಕು. ಅಡಿಕೆಯ ಸಾಲಿನಲ್ಲಿ ಹೊಕ್ಕವನಿಗೆ ಮೊದಲು ಅನ್ನಿಸುವುದು ತಂಪು. ಅನಂತರ, ಇಷ್ಟು ಸಪುರದ ಕಂಬ ಇಷ್ಟೆತ್ತರ ಹೇಗೆ ನಿಂತಿತೆಂಬ ಬೆರಗು. ಕಾಂಡದ ಮೇಲಿನ ಒಂದೊಂದು ಉಂಗುರವೂ ಉದುರಿದ ಒಂದೊಂದು ಸೋಗೆಯ ಗುರುತು. ಸೋಗೆಯ ಬುಡದ ಹಾಳೆ ಹಿಂದೆ ಈ ಸೀಮೆಯ ಶ್ರಮಿಕನ ತಲೆಗೆ ಮುಟ್ಟಾಳೆಯಾಗುತ್ತಿತ್ತು, ಈಗ ಪಟ್ಟಣದ ಮದುವೆಗಳಲ್ಲಿ ತಟ್ಟೆಯಾಗುತ್ತಿದೆ. ಹಾಳೆ ಕಳಚಿದೊಡನೆ ಅದರ ಮರೆಯಲ್ಲಿದ್ದ ಹೊಂಬಾಳೆ ಕಾಣಿಸಿಕೊಂಡು ಬಿರಿಯುತ್ತದೆ, ಒಳಗಿನದೇ ಹಿಂಗಾರ. ಅದರ ಎಳೆಗಳ ತುದಿಯುದ್ದಕ್ಕೂ ಸಾವಿರಾರು ಗಂಡು ಹೂಗಳು, ಬುಡದಲ್ಲಿ ಕೆಲವೇ ನೂರು ಹೆಣ್ಣು. ಗಂಡು ಹೂಗಳು ಮೊದಲು ಅರಳಿ ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಆ ತರುವಾಯ ಹೆಣ್ಣಿನ ಸರದಿ. ಆದುದರಿಂದ ತನ್ನ ಹಿಂಗಾರದ ಪರಾಗ ಅದಕ್ಕೇ ಒದಗುವುದಿಲ್ಲ. ಗಾಳಿ ಬೇರೆ ಮರದ ಪರಾಗವನ್ನು ಹೊತ್ತು ತರಬೇಕು. ತೋಟವೆಂಬುದು ಸಾಲು ಮರಗಳಲ್ಲ, ಒಂದು ಬಾಂಧವ್ಯ. ಆ ಕಂಬವನ್ನೇ ತಬ್ಬಿ ಏರುವ ಕರಿಮೆಣಸಿನದು ಇದಕ್ಕೆ ತದ್ವಿರುದ್ಧ. ಕಾಡುಮೆಣಸಿನಲ್ಲಿ ಗಂಡುಬಳ್ಳಿ, ಹೆಣ್ಣುಬಳ್ಳಿ ಬೇರೆಬೇರೆ. ಮನುಷ್ಯನು ಎರಡೂ ಒಂದೇ ಹೂವಿನಲ್ಲಿರುವ ಬಳ್ಳಿಗಳನ್ನು ಆರಿಸಿ, ತುಂಡು ನೆಟ್ಟು ನೆಟ್ಟು ಬೆಳೆಸಿಕೊಂಡನು.

ತಾಳೆಯ ಕುಲಕ್ಕೆ ಸೇರಿದ ಅಡಿಕೆಗೆ ಒಂದು ದೌರ್ಬಲ್ಯವಿದೆ. ಇದಕ್ಕೆ ಬೆಳೆಯುವ ತಾಣ ಒಂದೇ, ನೆತ್ತಿಯ ಸುಳಿ. ಮಾವು ಹಲಸುಗಳ ಕೊಂಬೆ ಮುರಿದರೆ ಮತ್ತೊಂದು ಚಿಗುರೀತು. ಅಡಿಕೆಯ ಸುಳಿ ಹೋದರೆ ಮರವೇ ಹೋಯಿತು. ಕಾಂಡಕ್ಕೆ ಗಾಯವಾದರೆ ಮಾಯುವುದಿಲ್ಲ. ಪಡುವಣ ಬಿಸಿಲು ಬಿದ್ದ ಕಡೆಯ ಮೈ ಸುಟ್ಟು ಬಿರುಕು ಬಿಡುತ್ತದೆಂದೇ ತಿಳಿದವರು ಸಾಲುಗಳನ್ನು ನೇರ ಉತ್ತರ ದಕ್ಷಿಣಕ್ಕೆ ಹಿಡಿಯದೆ ತುಸು ಓರೆಯಾಗಿ ಹಿಡಿಯುತ್ತಾರೆ. ಬೇರು ನೆಲದ ಮೇಲ್ಪದರದಲ್ಲೇ ಹರಡಿರುವುದರಿಂದ ಬೇಸಗೆಯಲ್ಲಿ ನೀರು ಹಾಯಿಸಬೇಕು, ಮಳೆಗಾಲದಲ್ಲಿ ಕಣಿ ತೋಡಿ ನೀರನ್ನು ಹೊರಗಟ್ಟಬೇಕು. ಕಾಡುಗಿಡ ತಾನೇ ಮಾಡಿಕೊಳ್ಳುವುದನ್ನೆಲ್ಲ ಇದಕ್ಕೆ ಇನ್ನೊಬ್ಬರು ಮಾಡಿಕೊಡಬೇಕು.

ಎಲ್ಲಕ್ಕಿಂತ ಭಯಂಕರವಾದುದು ಜುಲೈ ತಿಂಗಳು. ಆಗ ಗೊನೆಗಳಲ್ಲಿ ಎಳೆಗಾಯಿ. ಬಿಡದ ಮಳೆ, ನಡುನಡುವೆ ಎಳೆಬಿಸಿಲು; ಇಷ್ಟು ಸಾಕು ಕೊಳೆರೋಗಕ್ಕೆ. ಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಒಂದು ಕಲೆ ಮೂಡುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ಬಿಳಿಯ ಬೂಷ್ಟು ಹೊದ್ದು ದೊಪದೊಪನೆ ನೆಲಕ್ಕೆ. ಇದರ ಕಾರಣವಾದ ಜೀವಿಯ ಹೆಸರು ಫೈಟಾಫ್ತೋರ, ಗ್ರೀಕ್ ಭಾಷೆಯಲ್ಲಿ ‘ಸಸ್ಯನಾಶಕ’. ಶಿಲೀಂಧ್ರವೆಂದು ಬಹುಕಾಲ ಎಣಿಸಿದ್ದ ಇದು ನಿಜವಾಗಿ ಪಾಚಿಗಳ ದೂರದ ನಂಟ ಎಂಬುದು ಈಗಿನ ತಿಳಿವಳಿಕೆ. ಇದರ ಬೀಜಕಣಗಳಿಗೆ ಈಜುಬಾಲಗಳಿವೆ. ಕಾಯಿಯ ಮೇಲಿನ ನೀರಿನ ತೆಳುಪೊರೆಯೇ ಅವುಗಳಿಗೆ ಕಡಲು. ಮಳೆ ಎಂಬ ಒಂದೇ ವಸ್ತು ಇಬ್ಬನಿಗಿಡಕ್ಕೆ ಹಬ್ಬ, ಅಡಿಕೆಗೆ ಮೃತ್ಯು. ಅದೇ ಜೀವಿ ಸುಳಿಗೆ ಇಳಿದರೆ ಕಾಯಿಯ ಜೊತೆಗೆ ಮರವೂ ನಷ್ಟ.

ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನುಹತ್ತಿ 1910ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದನು. ಮಲೆನಾಡಿನವರು ಆಗ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಉಳಿಸಲು 1885ರ ಸುಮಾರಿಗೆ ಬಳಕೆಗೆ ಬಂದ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆಗೆ ತಂದನು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇಂದಿಗೂ ಅಳತೆ ಅದೇ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಸಿಂಪಡಿಸಬೇಕು. ತೊಡಕು ಇರುವುದು ಈ ಎರಡನೆಯದರಲ್ಲಿ. ಅದಕ್ಕೆ ಅರ್ಧ ದಿನದ ಹೊಳವಾದರೂ ಬೇಕು, ಹೊಳವಾದ ಗಳಿಗೆಯಲ್ಲೇ ಮರ ಏರುವ ಆಳೂ ಬೇಕು. ಜಾರುವ ಕಂಬವನ್ನು ಏರಿ, ಒಂದು ಮರದ ನೆತ್ತಿಯಿಂದ ಮತ್ತೊಂದಕ್ಕೆ ಜಿಗಿಯಬಲ್ಲ ಕಸುಬುದಾರರು ವರ್ಷವರ್ಷಕ್ಕೆ ವಿರಳವಾಗುತ್ತಿದ್ದಾರೆ. ಈಚೆಗೆ ಕಾರ್ಬನ್ ಫೈಬರಿನ ಉದ್ದ ದೋಟಿಗಳು ಬಂದು, ನೆಲದಲ್ಲೇ ನಿಂತು ಗೊನೆಗೆ ಮದ್ದು ಹೊಡೆಯುವುದು ಸಾಧ್ಯವಾಗಿದೆ. ಆದರೂ ಜುಲೈ ಕೊನೆಯಲ್ಲಿ ಮೋಡ ಬಿಡದೆ ನಿಂತರೆ, ಅಂಗಳದಲ್ಲಿ ಡ್ರಮ್ಮು ತುಂಬ ದ್ರಾವಣ ಇಟ್ಟುಕೊಂಡು ಮನೆಮಂದಿಯೆಲ್ಲ ಆಕಾಶ ನೋಡುತ್ತ ಕುಳಿತಿರುತ್ತಾರೆ. ಮಕ್ಕಳ ಕಾಲೇಜು ಶುಲ್ಕ, ಸಹಕಾರಿ ಸಂಘದ ಸಾಲದ ಕಂತು, ಮಗಳ ಮದುವೆ ಎಲ್ಲವೂ ಆ ಗೊನೆಗಳಲ್ಲಿ ತೂಗುತ್ತಿವೆ.

ಇದೇ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು. ಚೀನಾದಿಂದ ತಂದ ತಳಿಯಿಂದ ಆರಿಸಿದ ‘ಮಂಗಳಾ’ ಅಲ್ಲಿಂದ 1972ರಲ್ಲಿ ಹೊರಬಂತು. ಹಿರೇಹಳ್ಳಿಯ ಗಿಡ್ಡ ಅಡಿಕೆಯೊಡನೆ ಎತ್ತರದ ತಳಿಗಳನ್ನು ಬೆರಸಿ, ಏರುವ ಕಷ್ಟವಿಲ್ಲದ ಸಂಕರ ಗಿಡಗಳನ್ನೂ ಅಲ್ಲಿ ಪಡೆದಿದ್ದಾರೆ. ಆದರೂ ಅಡಿಕೆ ಬೆಳೆಯುವುದು ಬೀಜದಿಂದ. ಪ್ರತಿ ಸಸಿಯೂ ತನ್ನ ತಾಯಿಗಿಂತ ಕೊಂಚ ಬೇರೆ. ಅದಕ್ಕಾಗಿ ಬೆಳೆಗಾರನ ಪರೀಕ್ಷೆ ತಪ್ಪುವುದಿಲ್ಲ. ನಡುವಯಸ್ಸಿನ, ವರ್ಷವೂ ಕೈಕೊಡದ ಮರವನ್ನು ಗುರುತಿಸಿ, ನಡುವಿನ ಗೊನೆಯ ಹಣ್ಣಡಿಕೆಗಳನ್ನು ನೀರಿಗೆ ಹಾಕುತ್ತಾರೆ. ಕೆಲವು ಅಡ್ಡಡ್ಡ ಮಲಗಿ ತೇಲುತ್ತವೆ, ಅವು ಬೇಡ. ತೊಟ್ಟು ಮೇಲಾಗಿ ನೆಟ್ಟಗೆ ನಿಂತು ತೇಲುವವನ್ನು ಆಯ್ದು, ನಿಂತಂತೆಯೇ ತೊಟ್ಟು ಮೇಲಾಗಿ ಮರಳಿನಲ್ಲಿ ಊರುತ್ತಾರೆ. ಸುಮಾರು ಮೂರು ತಿಂಗಳಿಗೆ ಎರಡು ಮೂರು ಎಲೆ. ಆಮೇಲೆ ಸಸಿಮಡಿ, ಒಂದು ಒಂದೂವರೆ ವರ್ಷದ ಮೇಲೆ ತೋಟದ ಗುಂಡಿ. ಮೊದಲ ಹಿಂಗಾರ ಕಾಣಲು ಇನ್ನೂ ಐದಾರು ಮಳೆಗಾಲಗಳನ್ನು ದಾಟಬೇಕು.