ಹಿಟ್ಟಿನ ಕೋಳಿ ಮತ್ತು ಹಣ್ಣಿನ ಬಟ್ಟಲು

2024ರ ದೀಪಾವಳಿಯಲ್ಲಿ ಒಂದು ವಿಚಿತ್ರವಾದ ಸಂಯೋಗ ಒದಗಿತ್ತು. ಅಕ್ಟೋಬರ್ 31ರ ಗುರುವಾರ ಚತುರ್ದಶಿ; ಮರುದಿನ ಆಶ್ವೀಜ ಅಮಾವಾಸ್ಯೆಯ ಪ್ರಾತಃಕಾಲ ಭಗವಾನ್ ಮಹಾವೀರರ ನಿರ್ವಾಣ ಕಲ್ಯಾಣ. ಅದೇ 31ರ ಸಂಜೆ ಪಾಶ್ಚಾತ್ಯ ದೇಶಗಳ ಮಕ್ಕಳು ಭೂತಪ್ರೇತಗಳ ವೇಷ ಧರಿಸಿ, ಮನೆಮನೆಯ ಬಾಗಿಲು ತಟ್ಟಿ ಸಿಹಿ ಬೇಡುವ ಹ್ಯಾಲೋವೀನ್. ಭೂಗೋಳದ ಎರಡು ಮಗ್ಗುಲಿನ ಈ ಎರಡು ಆಚರಣೆಗಳು ಆ ವರ್ಷ ಗೋಕಾಕದ ಒಂದು ಶ್ರಾವಕ ಮನೆಯ ಅಡುಗೆಮನೆಯಲ್ಲಿ ಮುಖಾಮುಖಿಯಾದವು.

ಆ ಮನೆಯ ಹಿರಿಯ ಜೀವವನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ ಮಗಳು ಹತ್ತು ವರ್ಷದ ತನ್ನ ಕೂಸಿನೊಡನೆ ಹಬ್ಬಕ್ಕೆ ತವರಿಗೆ ಬಂದಿದ್ದಳು. ಗೆಳತಿಯರೊಡನೆ ಆಡುವ ಹ್ಯಾಲೋವೀನ್ ಈ ವರ್ಷ ತಪ್ಪಿತೆಂದು ಮಗು ಮುಖ ಸಪ್ಪೆ ಮಾಡಿಕೊಂಡಾಗ, ಗೋಕಾಕದಲ್ಲೇ ಒಂದು ಸಣ್ಣ ಕೂಟ ಮಾಡೋಣವೆಂದು ತಾಯಿ ಮಾತು ಕೊಟ್ಟಿದ್ದಳು. ಮೂಡಲಗಿಯಿಂದ ಮೂವರು, ಹುಕ್ಕೇರಿಯಿಂದ ಇಬ್ಬರು ಸೋದರ ಸಂಬಂಧದ ಮಕ್ಕಳು ಬಂದಿದ್ದರು. ಓಣಿಯ ಮಕ್ಕಳೂ ಸೇರಿದರೆ ಇಪ್ಪತ್ತರ ಸಂಖ್ಯೆ. ತಿನಿಸೆಂದರೆ ಹಣ್ಣಿನ ಮಿಶ್ರಣ; ಹಣ್ಣಿಗೆ ಆಯಿಯ ಆಕ್ಷೇಪವಿರಲಾರದೆಂಬುದು ತಾಯಿ-ಮಗಳ ಎಣಿಕೆ.

ಆದರೆ ಮಗು ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ನೋಡಿ ಆಯಿ ಬೆಚ್ಚಿದರು. ಬಾಳೆಹಣ್ಣನ್ನು ಬೆರಳಿನಂತೆ ಕತ್ತರಿಸಿ ತುದಿಗೆ ಬಾದಾಮಿಯ ಉಗುರು ಅಂಟಿಸಿದ್ದರು. ಬಿಳಿಯ ಹಣ್ಣಿನ ನಡುವೆ ಕಪ್ಪು ದ್ರಾಕ್ಷಿ ಇಟ್ಟು ಕಿತ್ತ ಕಣ್ಣುಗುಡ್ಡೆ ಮಾಡಿದ್ದರು. ಮೇಲೆ ರಕ್ತವೆಂದು ಸುರಿದ ಕೆಂಪು ಪಾಕ, ಅಂಚಿನಲ್ಲಿ ಹರಿದಾಡುವ ಜೆಲ್ಲಿಯ ಹುಳುಗಳು. ಹುಕ್ಕೇರಿಯ ಹುಡುಗರು ಕುಣಿದಾಡಿದರು. ಆಯಿ ಒಂದೇ ಮಾತು ಹೇಳಿದರು: “ಬ್ಯಾಡ.”

ಮಗು ಎದ್ದು ಮಹಡಿಗೆ ಹೋಯಿತು. ಮಧ್ಯಾಹ್ನದ ಊಟಕ್ಕೆ ಕೆಳಗಿಳಿಯಲಿಲ್ಲ. ತಾಟು ಎತ್ತಿಡುತ್ತ ಮಗಳು ಮೆಲ್ಲನೆ ಹೇಳಿದಳು: “ಅವ್ವಾ, ನಮ್ಮ ಧರ್ಮದಾಗ ಬರೇ ಬ್ಯಾಡ ಅನ್ನೋದ ಐತೇನು ಅಂತ ಆಕಿ ಕೇಳ್ಯಾಳ. ನೀ ಇಲ್ಲಿ ಇರತಿ. ಅಲ್ಲಿ ಉತ್ತರ ಕೊಡಾಕ ನಾ ಒಬ್ಬಾಕಿನ ಇರ್ತೀನಿ.”

ಈ ಮಾತು ಆಯಿಯ ಮನಸ್ಸಿನಲ್ಲಿ ನಾಟಿತು. ಎಪ್ಪತ್ತು ವರ್ಷ ದಾಟಿದ ಅವರು ಎಷ್ಟೋ ಸಲ ‘ಬೇಡ’ ಎಂದಿದ್ದರು. ಅವುಗಳಲ್ಲಿ ಧರ್ಮ ಹೇಳಿದ್ದು ಎಷ್ಟು, ರೂಢಿ ಹೇಳಿದ್ದು ಎಷ್ಟು, ಕೇವಲ ಅಪರಿಚಯದ ಭಯ ಹೇಳಿದ್ದು ಎಷ್ಟು? ಅಂದು ಮೊದಲ ಬಾರಿಗೆ ಅವರು ಅವುಗಳನ್ನು ಅಕ್ಕಿಯಲ್ಲಿನ ಕಲ್ಲಿನಂತೆ ಆರಿಸಲು ಕುಳಿತರು.

ಮೊದಲಿಗೆ ಭೂತದ ವಿಷಯ. ಹ್ಯಾಲೋವೀನ್ ಎಂದರೇನೆಂದು ಮಗಳನ್ನೇ ಕೇಳಿದರು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಅದರ ಬೇರು ಕೆಲ್ಟ್ ಜನರ ಸುಗ್ಗಿಯ ಕೊನೆಯ ಹಬ್ಬದಲ್ಲಿದೆ. ಐರ್ಲೆಂಡಿನವರು ಟರ್ನಿಪ್ ಎಂಬ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. 19ನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಹೇರಳವಾಗಿದ್ದ ಕುಂಬಳಕಾಯಿಗೆ ಆ ದೀಪ ವರ್ಗವಾಯಿತು. ಕೇಳಿ ಆಯಿ ನಕ್ಕರು: ಕಂದಮೂಲವನ್ನು ಬಿಟ್ಟು ಬಳ್ಳಿಯ ಕಾಯಿಗೆ ಬಂದರೆಂದರೆ ನಮ್ಮ ಕಡೆಗೆ ಒಂದು ಹೆಜ್ಜೆ ಇಟ್ಟಂತೆಯೇ ಆಯಿತು!

ದೇವಮೂಢತೆ, ಲೋಕಮೂಢತೆಗಳನ್ನು ತ್ಯಜಿಸಬೇಕೆಂದು ಆಚಾರ್ಯರು ಹೇಳಿದ್ದಾರೆ. ಆದರೆ ಮೂಢತೆ ಇರುವುದು ನಂಬಿ ಅಂಜುವುದರಲ್ಲಿ, ವರ ಬೇಡಿ ಪೂಜಿಸುವುದರಲ್ಲಿ. ಈ ಮಗು ಭೂತಕ್ಕೆ ಕೈಮುಗಿಯುತ್ತಿಲ್ಲ, ಹೆದರುತ್ತಲೂ ಇಲ್ಲ. ಹಾಸಿಗೆಯ ವಸ್ತ್ರ ಹೊದ್ದು ನಗುತ್ತಿದೆ. ಭೂತ, ಪಿಶಾಚಗಳನ್ನೂ ‘ತತ್ತ್ವಾರ್ಥಸೂತ್ರ’ವು ಎಂಟು ಬಗೆಯ ವ್ಯಂತರ ದೇವರಲ್ಲಿ ಎಣಿಸುತ್ತದೆ. ಅವೂ ಸಂಸಾರದಲ್ಲಿ ತೊಳಲುವ ಜೀವಗಳೇ. ಅವುಗಳಿಗೂ ಸಲ್ಲಬೇಕಾದದ್ದು ಭಯವಲ್ಲ, ಮೈತ್ರಿ. ಹೀಗೆ ಗೋಡೆಯ ಮೇಲಿನ ಕಾಗದದ ಭೂತಕ್ಕೂ ಕಾಗದದ ಅಸ್ಥಿಪಂಜರಕ್ಕೂ ಆಯಿಯ ಒಪ್ಪಿಗೆ ದೊರೆಯಿತು. ಮಹಡಿಯ ಮೆಟ್ಟಿಲ ಕೆಳಗೆ ನಿಂತು ಅವರೇ ಕೂಗಿದರು: “ಬಾ ಕೂಸ, ಇಬ್ಬರೂ ಕೂಡೇ ಮಾಡೂಣು.”

ಎರಡನೆಯದು ಸಾಮಗ್ರಿಯ ವಿಷಯ. ಹಣ್ಣೆಂದ ಮಾತ್ರಕ್ಕೆ ಎಲ್ಲವೂ ಭಕ್ಷ್ಯವಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿ ಎಂಟು ಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಆ ಮೂರರ ಜೊತೆಗೆ ಐದು ಉದುಂಬರ ಫಲಗಳನ್ನು ಬಿಡಬೇಕೆಂದರು. ಆದ್ದರಿಂದ ಚಿತ್ರದಲ್ಲಿದ್ದ ಜೇನು ಮತ್ತು ಅಂಜೂರ ಹೊರಗುಳಿದವು. ಅತ್ತಿ, ಆಲಗಳ ಜಾತಿಯ ಹಣ್ಣಿನೊಳಗೆ ಸಣ್ಣ ಕಣಜಗಳು ಹೊಕ್ಕು ಮೊಟ್ಟೆಯಿಟ್ಟು ಬೆಳೆಯುತ್ತವೆಂದು ಇಂದಿನ ಸಸ್ಯಶಾಸ್ತ್ರವೂ ಹೇಳುತ್ತದೆ ಎಂದು ತಾಯಿ ವಿವರಿಸಿದಾಗ ಮಗು ಅಂಜೂರವನ್ನು ತಾನಾಗಿಯೇ ಪಕ್ಕಕ್ಕಿಟ್ಟಿತು.

ಬಳಿಕ ಪೆಟ್ಟಿಗೆಯಿಂದ ಅಮೆರಿಕದ ಎರಡು ಪೊಟ್ಟಣಗಳು ಹೊರಬಂದವು: ಹುಳುವಿನಾಕಾರದ ಜೆಲ್ಲಿ, ಅರಳೆಯಂತೆ ಮೆತ್ತಗಿನ ಮಾರ್ಷ್‌ಮ್ಯಾಲೋ. ನಮ್ಮ ದೇಶದ ಪೊಟ್ಟಣಗಳ ಮೇಲಿರುವ ಹಸಿರು ಚುಕ್ಕೆ ಅವುಗಳ ಮೇಲಿರಲಿಲ್ಲ. ಗೆಳತಿಯೊಬ್ಬಳು ಕೊಟ್ಟ ಉಡುಗೊರೆಯಾದ್ದರಿಂದ ಯಾರೂ ಅದರ ಬೆನ್ನು ತಿರುಗಿಸಿ ನೋಡಿರಲಿಲ್ಲ. ಮಗು ಸಣ್ಣಕ್ಷರದ ಪಟ್ಟಿಯನ್ನು ಓದುತ್ತ ಹೋಗಿ ಒಂದು ಪದದ ಬಳಿ ತಡೆಯಿತು: ಜೆಲಟಿನ್. ಅದು ದನ, ಹಂದಿ ಮೊದಲಾದ ಪ್ರಾಣಿಗಳ ಮೂಳೆ, ತೊಗಲುಗಳನ್ನು ಕುದಿಸಿ ತೆಗೆಯುವ ಅಂಟು. ಮಗು ಗೋಡೆಯ ಕಡೆ ನೋಡಿತು, ಕೈಯಲ್ಲಿನ ಪೊಟ್ಟಣವನ್ನು ನೋಡಿತು. ಗೋಡೆಗೆ ತೂಗಿದ ಅಸ್ಥಿಪಂಜರ ಬರಿಯ ಕಾಗದ. ನಿಜವಾದ ಮೂಳೆ ಇದ್ದದ್ದು ಸಿಹಿಯಲ್ಲಿ.

ಆಯಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ಮಗು ಕಪಾಟಿನಲ್ಲಿದ್ದ ಇನ್ನೊಂದು ಪೊಟ್ಟಣವನ್ನು ತಂದು ಕೇಳಿತು: “ಆಯಿ, ಇದರ ಮೇಲೆ ಚುಕ್ಕೆ ಎಲ್ಲಿದೆ?” ಬಣ್ಣಬಣ್ಣದ ಬಿಡಿ ಜೆಲ್ಲಿ, ತೂಕದ ಮೇಲೆ ಮಾರುವಂಥದ್ದು. ಚುಕ್ಕೆಯೂ ಇಲ್ಲ, ಪಟ್ಟಿಯೂ ಇಲ್ಲ. ಬಸದಿಯಲ್ಲಿ ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ ಹಾಕಲೆಂದು ಆಯಿ ವರ್ಷಗಳಿಂದ ಇದನ್ನೇ ತರುತ್ತಿದ್ದರು. ಅದರಲ್ಲಿ ಏನಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಅನಿಸಿಯೂ ಇರಲಿಲ್ಲ. ಗಡ್ಡೆ ಗೆಣಸು ಹೊಸ್ತಿಲು ದಾಟದ ಮನೆಗೆ ಈ ಅಜ್ಞಾತ ವಸ್ತು ಸುಲಭವಾಗಿ ಒಳಬಂದಿತ್ತು. ಹಿಂಸೆಯ ಲಕ್ಷಣದಲ್ಲಿ ಉಮಾಸ್ವಾಮಿಗಳು ಪ್ರಮಾದವನ್ನೇ ಮೊದಲಿಗೆ ಇಟ್ಟದ್ದು ಏಕೆಂದು ಆಯಿಗೆ ಆ ಕ್ಷಣ ಅರ್ಥವಾಯಿತು. “ನನ್ನ ತಪ್ಪು, ಕೂಸ. ನಾ ನೋಡಿರಲಿಲ್ಲ,” ಎಂದರು. ಆಯಿ ತಪ್ಪೊಪ್ಪಿಕೊಂಡದ್ದನ್ನು ಮಗು ಅಂದೇ ಮೊದಲು ಕೇಳಿದ್ದು.

ಜೆಲ್ಲಿಯ ಸ್ಥಾನಕ್ಕೆ ಬೇರೇನು? ಉತ್ತರ ಊರಿನಲ್ಲೇ ಇತ್ತು. ಗೋಕಾಕದ ಕರದಂಟು ಹೆಸರಿನಲ್ಲೇ ತನ್ನ ಕುಲವನ್ನು ಹೇಳಿಕೊಳ್ಳುತ್ತದೆ: ಕರಿದ ಅಂಟು. ಆದರೆ ಇದು ಮರ ಒಸರುವ ಅಂಟು. ಅದನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಗೋಡಂಬಿ, ಬಾದಾಮಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಅಂಜೂರ ಹಾಕದೆ ಮನೆಯಲ್ಲೇ ಮಾಡಿದ ಕರದಂಟನ್ನು ಸಣ್ಣ ಹರಳುಗಳಾಗಿ ಪುಡಿಮಾಡಿ ಮೇಲೆ ಉದುರಿಸುವುದೆಂದಾಯಿತು.

ಇನ್ನು ಉಳಿದದ್ದು ಬೆರಳು, ಕಣ್ಣು, ರಕ್ತ. ಇಲ್ಲಿ ಮಗು ಸೋಲಲಿಲ್ಲ. “ಬಾಳೆಹಣ್ಣಿಗೆ ಮೂಳೆ ಇಲ್ಲ. ಯಾರಿಗೂ ನೋವಾಗುವುದಿಲ್ಲ. ಇದಕ್ಕೆ ಯಾಕೆ ಬೇಡ?” ಎಂದಿತು. ನ್ಯಾಯವಾದ ಪ್ರಶ್ನೆ. ಆಯಿ ಚಾಕುವನ್ನು ಕೆಳಗಿಟ್ಟು ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಕಥೆ ಹೇಳಿದರು. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಅರಸ ಯಶೋಧರನನ್ನು ಒತ್ತಾಯಿಸುತ್ತಾಳೆ. ಜೀವವನ್ನು ಕೊಲ್ಲಲಾರೆನೆಂದು ಅವನು. ಕೊನೆಗೆ ರಾಜಿಯಾಗಿ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುತ್ತಾನೆ. ಆ ಒಂದು ಏಟಿಗಾಗಿ ತಾಯಿ-ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ಅಲೆಯುತ್ತಾರೆ.

“ಹಿಟ್ಟಿನ ಕೋಳಿಗೆ ಜೀವ ಇತ್ತಾ?” ಮಗು ಕೇಳಿತು.

“ಇರಲಿಲ್ಲ.”

“ಮತ್ತೆ ನೋವಾದದ್ದು ಯಾರಿಗೆ?”

“ಕಡದೆ ಅಂತ ತಿಳಕೊಂಡಾವಗ.”

ಜೆಲ್ಲಿಯಲ್ಲಿದ್ದದ್ದು ದ್ರವ್ಯಹಿಂಸೆಯ ಫಲ. ತಿನ್ನುವ ಮಗುವಿನ ಮನಸ್ಸಿನಲ್ಲಿ ಕೊಲ್ಲುವ ಭಾವವಿರಲಿಲ್ಲ. ಬಾಳೆಹಣ್ಣಿನ ಬೆರಳಲ್ಲಿ ದ್ರವ್ಯವಿಲ್ಲ. ಆದರೆ ಬೆರಳೆಂದು ಹೆಸರಿಟ್ಟು ಕೊಯ್ದು, ರಕ್ತವೆಂದು ಹೆಸರಿಟ್ಟು ನೆಕ್ಕಿ ನಗುವಲ್ಲಿ ಭಾವವಿದೆ. ಒಂದನ್ನು ಪೊಟ್ಟಣದ ಬೆನ್ನ ಮೇಲೆ ಓದಬಹುದು. ಮತ್ತೊಂದನ್ನು ತನ್ನೊಳಗೇ ಓದಿಕೊಳ್ಳಬೇಕು. ಗೌರಿ ಹುಣ್ಣಿಮೆಗೆ ಈ ಸೀಮೆಯಲ್ಲಿ ಹಂಚುವ ಸಕ್ಕರೆ ಗೊಂಬೆಗಳಲ್ಲಿ ಆನೆ, ಕುದುರೆಗಳನ್ನು ಹಲವು ಜೈನ ಮನೆಗಳವರು ಬಾಯಿಗಿಡದಿರುವುದು ಇದಕ್ಕಾಗಿಯೇ. ಮೂಡಲಗಿಯ ಹುಡುಗಿ ಅದನ್ನು ನೆನಪಿಸಿದಾಗ, ನ್ಯೂಜೆರ್ಸಿಯ ಮಗು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಾಗಿದ್ದರೆ ಬಾಳೆಹಣ್ಣಿನ ಭೂತವೂ ಬೇಡ; ಭೂತಗಳು ಗೋಡೆಯ ಮೇಲಿರಲಿ, ಬಟ್ಟಲಲ್ಲಿ ದೀಪಗಳಿರಲಿ.

ನಾಲ್ಕು ಗಂಟೆಗೆ ಕೆಲಸ ಆರಂಭವಾಯಿತು. ಸೋಸಿದ ನೀರಿನಲ್ಲಿ ಹಣ್ಣುಗಳನ್ನು ತೊಳೆದು ಒರೆಸಿದರು. ಎರಡು ಡಜನ್ ಬಾಳೆಹಣ್ಣು, ಆರು ಸೇಬು, ಒಂದು ಪಪ್ಪಾಯಿ, ಹತ್ತು ಚಿಕ್ಕು. ಪ್ರತಿಯೊಂದನ್ನೂ ಸೀಳಿ ಒಳಗೆ ಹುಳುವಿಲ್ಲವೆಂದು ಬೆಳಕಿಗೆ ಹಿಡಿದು ನೋಡಿಯೇ ಹೆಚ್ಚಿದರು. ಕಾಸಿ ಆರಿಸಿದ ಹಾಲು, ಸಕ್ಕರೆ, ಏಲಕ್ಕಿ ಪುಡಿ ಬೆರೆಸಿದಾಗ ಅದು ನಮ್ಮ ಸೀಕರಣಿಯೇ ಆಯಿತು. ಹುಳಿಗೆ ಹಾಲು ಒಡೆಯುವುದರಿಂದ ಕಿತ್ತಳೆಯನ್ನು ಬೇರೆಯೇ ಇಟ್ಟರು. ಸುಲಿದ ಇಡೀ ಕಿತ್ತಳೆಯ ನೆತ್ತಿಗೆ ಸೌತೆಕಾಯಿಯ ಚೂರು ಸಿಕ್ಕಿಸಿದಾಗ ಅದು ತೊಟ್ಟುಳ್ಳ ಪುಟ್ಟ ಕುಂಬಳವಾಯಿತು. ರಕ್ತದ ಜಾಗದಲ್ಲಿ ದಾಳಿಂಬೆಯ ಕಾಳುಗಳು ಮಾಣಿಕ್ಯಗಳೆಂದು ಕರೆಸಿಕೊಂಡವು. ಸಿಹಿಗುಂಬಳವೊಂದನ್ನು ಕೊರೆದು ಚಂದ್ರ, ನಕ್ಷತ್ರಗಳ ಕಿಂಡಿ ಮಾಡಿ, ದೀಪಕ್ಕೆ ಹಾತೆ ಬೀಳದಂತೆ ತೆಳುಬಟ್ಟೆ ಕಟ್ಟಿದರು. ತಿರುಳು ವ್ಯರ್ಥವಾಗಲಿಲ್ಲ, ಹೊತ್ತು ಮುಳುಗುವ ಮೊದಲೇ ಗಾರಿಗೆಯಾಗಿ ಮಕ್ಕಳ ತಾಟಿಗೆ ಬಂತು.

ಆರು ಗಂಟೆಯ ಸುಮಾರಿಗೆ ಸೂರ್ಯಾಸ್ತ. ಐದೂವರೆಗೆ ಎಲ್ಲರ ಬಟ್ಟಲೂ ಖಾಲಿ; ಮರುದಿನಕ್ಕೆ ಉಳಿಯದಂತೆ ಅಳತೆ ಸರಿಹೋಗಿತ್ತು. ಸಿಪ್ಪೆ ದನಕರುಗಳಿಗೆ ಹೋಯಿತು. ಆಗ ಮಗು ಗಮನಿಸಿತು: ಆಯಿ ಒಂದು ಹೋಳನ್ನೂ ಬಾಯಿಗೆ ಹಾಕಿರಲಿಲ್ಲ.

“ನೀವೇ ಮಾಡಿ ನೀವೇ ತಿನ್ನಲಿಲ್ಲ?”

“ಇವತ್ತ ಚತುರ್ದಶಿ. ನಂಗ ಹಸೀ ಹಣ್ಣು ಬ್ಯಾಡ.”

“ಯಾರು ಬೇಡ ಅಂದರು?”

“ಯಾರೂ ಅಂದಿಲ್ಲ. ಈ ‘ಬ್ಯಾಡ’ ನಂದು, ನಾನ ಆರಿಸಿಕೊಂಡದ್ದು.”

ಮಗು ಬಹಳ ಹೊತ್ತು ಸುಮ್ಮನಿತ್ತು. ಇತರರ ಮೇಲೆ ಹೇರಿದ ‘ಬೇಡ’ ನಿಷೇಧ. ತಿಳಿದು ತನಗೆ ತಾನೇ ಹೇಳಿಕೊಂಡದ್ದು ವ್ರತ. ಮಧ್ಯಾಹ್ನ ಅದು ಕೇಳಿದ ಪ್ರಶ್ನೆಗೆ ಉತ್ತರ ಆ ವ್ಯತ್ಯಾಸದಲ್ಲಿತ್ತು.

ಮರುದಿನ ನಸುಕಿನಲ್ಲಿ ಎಲ್ಲರೂ ಬಸದಿಗೆ ಹೋದರು. ಕ್ರಿ.ಶ. 783ರ ಜಿನಸೇನರ ‘ಹರಿವಂಶಪುರಾಣ’ವು ಮಹಾವೀರರು ಮುಕ್ತರಾದಾಗ ಪಾವಾನಗರಿ ದೀಪಗಳಿಂದ ಬೆಳಗಿತೆಂದು ವರ್ಣಿಸುತ್ತದೆ. ನಿರ್ವಾಣ ಪೂಜೆ ಮುಗಿದ ಮೇಲೆ ಮಕ್ಕಳು ವಾಡಿಕೆಯಂತೆ ಆಯಿಯ ಮುಂದೆ ಕೈಚಾಚಿದರು. ಆಯಿ ಬಿಡಿ ಜೆಲ್ಲಿಯ ಬದಲು ಕರದಂಟಿನ ತುಣುಕು ಕೊಟ್ಟರು. ಬಳಿಕ ಬಸದಿಯ ವ್ಯವಸ್ಥಾಪಕರ ಬಳಿ ಹೋಗಿ, ಮಕ್ಕಳಿಗೆ ಹಂಚಲು ತರುವ ಪ್ರತಿ ಪೊಟ್ಟಣದ ಬೆನ್ನನ್ನೂ ಓದಿಯೇ ಕೊಳ್ಳಬೇಕೆಂದು ಬಿನ್ನವಿಸಿದರು. ಸಣ್ಣ ಅಕ್ಷರ ನಮಗೆ ಕಾಣಿಸುವುದಿಲ್ಲವೆಂದು ಹಿರಿಯರೊಬ್ಬರು ಹೇಳಿದಾಗ, ಆಯಿ ಪಕ್ಕದಲ್ಲಿದ್ದ ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಮಕ್ಕಳ ಕೈಲೆ ಓದಸ್ರಿ. ನನಗೂ ಈಕಿನ ಓದಿ ಹೇಳಿದ್ದು.”