ಸಾಸಿವೆ ಡಬ್ಬಿಯ ಲೆಕ್ಕ

ಮೈಸೂರಿನ ಸರಸ್ವತೀಪುರಂನ ಆ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ದಿನದ ಖರ್ಚು ಬರೆಯುವುದು ತಲೆಮಾರುಗಳಿಂದ ಬಂದ ನಿಯಮ. ಮೇಷ್ಟ್ರ ತಾಯಿಯ ಕಾಲದಲ್ಲಿ ಅದು ಡೈರಿಯಲ್ಲಿ ನಡೆಯುತ್ತಿತ್ತು: ಎಡಗಡೆ ಜಮೆ, ಬಲಗಡೆ ಖರ್ಚು, ಕೆಳಗೊಂದು ಗೆರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತರಾದ ಮೇಲೂ ಅದನ್ನೇ ಮುಂದುವರಿಸಿಕೊಂಡು ಬಂದಿದ್ದರು.

ಆದರೆ 2016ರಲ್ಲಿ ಯುಪಿಐ ಬಂತು. ಕೆಲವೇ ವರ್ಷಗಳಲ್ಲಿ ದೇವರಾಜ ಮಾರುಕಟ್ಟೆಯ ಹೂವಿನವರ ಮುಂದೆಯೂ ಕ್ಯೂಆರ್ ಕೋಡಿನ ಫಲಕ ಬಂದು ನಿಂತಿತು. ನೋಟು ಎಣಿಸಿ ಕೊಡುವಾಗ ಮನಸ್ಸಿಗೆ ನಾಟುತ್ತಿದ್ದ ಖರ್ಚು, ಫೋನಿನಿಂದ ಸದ್ದಿಲ್ಲದೆ ಜಾರತೊಡಗಿತು. ರಾತ್ರಿ ಡೈರಿ ಬಿಚ್ಚಿ ಕುಳಿತರೆ ಅರ್ಧ ನೆನಪೇ ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಅಪ್ಪನ ಫೋನಿಗೊಂದು ಲೆಕ್ಕದ ಆಪ್ ಹಾಕಿಕೊಟ್ಟಳು. ಬ್ಯಾಂಕಿನಿಂದ ಬರುವ ಎಸ್ಸೆಮ್ಮೆಸ್ಸುಗಳನ್ನು ಅದೇ ಓದಿ, ತರಕಾರಿಗೆ ಇಷ್ಟು, ಔಷಧಿಗೆ ಇಷ್ಟು ಎಂದು ಬಣ್ಣದ ಚಕ್ರ ಬಿಡಿಸಿ ತೋರಿಸುತ್ತಿತ್ತು. ಡೈರಿ ಅಟ್ಟ ಸೇರಿತು.

ನಾಲ್ಕು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಆ ಆಪ್ ತಾನೇ ಒಂದು ಸುದ್ದಿ ತಿಳಿಸಿತು: ತಿಂಗಳ ಕೊನೆಗೆ ಸೇವೆ ನಿಲ್ಲುತ್ತದೆ, ಇಷ್ಟು ದಿನ ಬಳಸಿದ್ದಕ್ಕೆ ಧನ್ಯವಾದಗಳು.

"ಲೆಕ್ಕದ ಪುಸ್ತಕ ಎಲ್ಲಾದರೂ ಮುಚ್ಚಿಹೋಗುತ್ತದೇನೇ?" ಎಂದರು ಮೇಷ್ಟ್ರು.

"ಪುಸ್ತಕವಾಗಿದ್ದರೆ ಮತ್ತೆ ತೆಗೆಯಬಹುದಾಗಿತ್ತು," ಎಂದರು ಅವರ ಮಡದಿ, ಲೋಟ ಎತ್ತಿಕೊಳ್ಳುತ್ತಾ.

ಮೇಷ್ಟ್ರಿಗೆ ತಮ್ಮ ಹಳೆಯ ಪಾಸ್‌ಬುಕ್ ನೆನಪಾಯಿತು. 1913ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾದಾಗ ಊರಿನವರಿಗೆಲ್ಲ ತವರಿನ ಹೆಸರು ಅಳಿಸಿದಷ್ಟು ಬೇಸರವಾಗಿತ್ತು. ಆದರೂ ಯಾರ ಖಾತೆಯ ಹಣವೂ ಕಳೆಯಲಿಲ್ಲ. ಬ್ಯಾಂಕು ಹೋದರೆ ಅದರ ಹೊಣೆ ಹೊರಲು ಇನ್ನೊಂದು ಬ್ಯಾಂಕಿರುತ್ತದೆ. ಆಪ್ ಹೋದರೆ ಅದರಲ್ಲಿದ್ದ ಲೆಕ್ಕಕ್ಕೆ ವಾರಸುದಾರರು ಯಾರು?

ಶನಿವಾರ ಮಗಳು ರೈಲಿನಲ್ಲಿ ಬಂದಿಳಿದಳು. "ಇದು ನಿಮ್ಮೊಬ್ಬರ ಪಾಡಲ್ಲ ಅಪ್ಪ," ಎಂದಳು. ಅಮೆರಿಕದಲ್ಲಿ 2007ರಲ್ಲಿ ಶುರುವಾಗಿ ಲಕ್ಷಾಂತರ ಮಂದಿ ನೆಚ್ಚಿಕೊಂಡಿದ್ದ ಮಿಂಟ್ ಎಂಬ ಲೆಕ್ಕದ ಆಪ್ ಕೂಡ 2024ರ ಮಾರ್ಚಿನಲ್ಲಿ ಮುಚ್ಚಿತಂತೆ. ಪುಕ್ಕಟೆ ಸಿಗುವ ಆಪ್‌ಗಳು ಜಾಹೀರಾತಿನಿಂದಲೋ ಸಾಲದ ದಲ್ಲಾಳಿತನದಿಂದಲೋ ಬದುಕಬೇಕು. ಅದು ಗಿಟ್ಟದಿದ್ದರೆ ಅಂಗಡಿ ಮುಚ್ಚಬೇಕು. ಮೊದಲ ಕೆಲಸವಾಗಿ ಅವಳು ನಾಲ್ಕು ವರ್ಷದ ಲೆಕ್ಕವನ್ನೆಲ್ಲ ಸಿಎಸ್‌ವಿ ಕಡತವಾಗಿ ಇಳಿಸಿಕೊಂಡಳು. ಅಲ್ಪವಿರಾಮದಿಂದ ಬೇರೆಬೇರೆ ಮಾಡಿದ ಬರಿಯ ಅಂಕಿ-ಅಕ್ಷರಗಳು. ಬಣ್ಣದ ಚಕ್ರ ಬರಲಿಲ್ಲ, ತಾರೀಕು ಮತ್ತು ಮೊತ್ತ ಬಂದವು.

ಆಮೇಲೆ ಹೊಸದರ ಆಯ್ಕೆ ಶುರುವಾಯಿತು. ಎಸ್ಸೆಮ್ಮೆಸ್ ಓದುವ ಇನ್ನೊಂದು ಆಪ್ ಹಾಕಬಹುದಿತ್ತು. ಆದರೆ ಮೇಷ್ಟ್ರಿಗೆ ಅದರ ಗುಣ ಗೊತ್ತಿತ್ತು. ಒಂದು ಲಕ್ಷ ಠೇವಣಿ ಇಟ್ಟ ದಿನ ಹಳೆಯ ಆಪ್ "ಈ ತಿಂಗಳು ಖರ್ಚು ಮಿತಿಮೀರಿದೆ" ಎಂದು ಗದರಿತ್ತು. ಎಟಿಎಮ್ಮಿನಿಂದ ತೆಗೆದ ಐದು ಸಾವಿರ ಏನಾಯಿತೆಂದು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಎರಡನೆಯದು ಅಕೌಂಟ್ ಅಗ್ರಿಗೇಟರ್ ಎಂಬ ಏರ್ಪಾಡು. ರಿಸರ್ವ್ ಬ್ಯಾಂಕಿನ ಪರವಾನಗಿಯಡಿ 2021ರ ಸೆಪ್ಟೆಂಬರಿನಿಂದ ನಡೆಯುತ್ತಿರುವುದು. ನಾವು ಒಪ್ಪಿಗೆ ಕೊಟ್ಟರೆ, ಕೊಟ್ಟಷ್ಟು ಅವಧಿಗೆ, ಬೇರೆಬೇರೆ ಬ್ಯಾಂಕುಗಳ ವಿವರ ಒಂದೇ ಕಡೆ ಕಾಣುತ್ತದೆ. ಬೇಡವೆಂದರೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಅಚ್ಚುಕಟ್ಟಾದ ವ್ಯವಸ್ಥೆಯೇ, ಆದರೆ ಅದಕ್ಕೂ ಕೈಯಲ್ಲಿರುವ ನೋಟು ಕಾಣದು. ಮೂರನೆಯದು, ಪ್ರತಿ ಖರ್ಚನ್ನೂ ನಾವೇ ಬರೆಯುವ ಆಪ್. "ಅದಕ್ಕೆ ಡೈರಿ ಸಾಲದೇ?" ಎಂದರು ಮೇಷ್ಟ್ರು.

ಇಷ್ಟು ಹೊತ್ತು ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಮಡದಿ ಆಗ ಕೇಳಿದರು: "ಇದ್ಯಾವುದನ್ನಾದರೂ ನಾನು ತೆಗೆದು ನೋಡಬಹುದಾ?"

ಅಪ್ಪ ಮಗಳು ಇಬ್ಬರೂ ಸುಮ್ಮನಾದರು. ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಎದೆನೋವು ಬಂದ ರಾತ್ರಿ ಮೂವರಿಗೂ ನೆನಪಾಯಿತು. ಮೇಷ್ಟ್ರು ಐಸಿಯುವಿನೊಳಗೆ, ಅವರ ಫೋನು ಹೆಂಡತಿಯ ಕೈಯಲ್ಲಿ, ಅದು ತೆರೆಯುವುದು ಅವರ ಬೆರಳಚ್ಚಿಗೆ ಮಾತ್ರ. ಎಲ್ಲಿ ಎಷ್ಟಿದೆಯೆಂದು ಆಕೆಗೆ ತಿಳಿಯದು. ಮಗಳು ಬೆಂಗಳೂರಿನಿಂದ ಬಂದು ಸೇರುವವರೆಗೆ ಆ ಹೊತ್ತಿನ ಮುಂಗಡ ಕಟ್ಟಿದ್ದು ಅಡುಗೆಮನೆಯ ಸಾಸಿವೆ ಡಬ್ಬಿಯಿಂದ. ಹದಿನೆಂಟು ಸಾವಿರ ರೂಪಾಯಿ, ನೂರು ಐನೂರರ ನೋಟುಗಳಲ್ಲಿ. ಮೇಷ್ಟ್ರು ಆ ಹಣದ ಮೂಲ ಕೇಳಲಿಲ್ಲ, ಆಕೆ ಹೇಳಲಿಲ್ಲ. ಬಣ್ಣದ ಚಕ್ರದಲ್ಲಿ ಆ ತಿಂಗಳು ಆ ಮೊತ್ತದ ಸುಳಿವೇ ಇರಲಿಲ್ಲ.

ಮಗಳು ನಿಧಾನವಾಗಿ ಹೇಳಿದಳು. ವಾರಸುದಾರರು ಕೇಳದೆ ಹತ್ತು ವರ್ಷ ಉಳಿದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸಬೇಕು. 2024ರ ಮಾರ್ಚ್ ಕೊನೆಗೆ ಆ ನಿಧಿಯಲ್ಲಿದ್ದದ್ದು 78,213 ಕೋಟಿ ರೂಪಾಯಿ. ಅಂಥ ಖಾತೆಗಳನ್ನು ಹುಡುಕಿಕೊಳ್ಳಲೆಂದೇ 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ಜಾಲತಾಣ ತೆರೆಯಬೇಕಾಯಿತು. ಅಷ್ಟೂ ದುಡ್ಡಿನ ಹಿಂದೆ ಎಷ್ಟು ಜನ ಮೇಷ್ಟ್ರುಗಳು ಅಚ್ಚುಕಟ್ಟಾಗಿ ಲೆಕ್ಕವಿಟ್ಟು, ಅದು ಎಲ್ಲಿದೆಯೆಂದು ಹೇಳದೆ ಹೋಗಿರಬಹುದು!

ಮೇಷ್ಟ್ರು ಎದ್ದು ಸ್ಟೂಲು ಹಾಕಿಕೊಂಡು ಅಟ್ಟದಿಂದ ತಾಯಿಯ ಒಂದು ಡೈರಿ ಇಳಿಸಿದರು. 1974ರದು. ಮಡದಿ ಧೂಳು ಕೊಡವಿ, ಕನ್ನಡಕ ಏರಿಸಿಕೊಂಡು ಸರಾಗವಾಗಿ ಓದಿದರು: ಸೀಮೆಎಣ್ಣೆ, ಮಗುವಿನ ಸ್ಲೇಟು, ಪಕ್ಕದ ಮನೆಗೆ ಕೊಟ್ಟ ಕೈಸಾಲ, ಅದು ವಾಪಸು ಬಂದ ತಾರೀಕು. ಬರೆದಾಕೆ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು. ತೆರೆಯಲು ಯಾರ ಬೆರಳೂ ಬೇಕಾಗಲಿಲ್ಲ.

ಆಯ್ಕೆ ಅಲ್ಲಿಗೆ ಸುಲಭವಾಯಿತು. ಆಪ್‌ಗಳ ಪಟ್ಟಿ ಬದಿಗಿಟ್ಟು ಮಗಳು ಗೂಗಲ್ ಶೀಟ್ಸಿನಲ್ಲಿ ಒಂದು ಸಾದಾ ಕೋಷ್ಟಕ ಮಾಡಿದಳು. ತಲೆಬರಹಗಳೆಲ್ಲ ಕನ್ನಡದಲ್ಲಿ: ಹಾಲು, ತರಕಾರಿ, ಔಷಧಿ, ಮದುವೆ-ಮುಂಜಿ. ಕೂಡುವ ಕೆಲಸ ಅದರದು, ಬರೆಯುವ ಕೆಲಸ ಮೇಷ್ಟ್ರದು. ಅದು ಅಮ್ಮನ ಫೋನಿನಲ್ಲೂ ತನ್ನ ಫೋನಿನಲ್ಲೂ ತೆರೆಯುವಂತೆ ಮಾಡಿದಳು. ಇನ್ನೊಂದು ಹಾಳೆಯಲ್ಲಿ ಯಾವ ಬ್ಯಾಂಕು, ಯಾವ ಠೇವಣಿ, ಎಂದಿಗೆ ಮುಗಿಯುತ್ತದೆ, ನಾಮಿನಿ ಯಾರು ಎಂಬ ವಿವರ. ಗುಪ್ತಸಂಖ್ಯೆಗಳನ್ನು ಮಾತ್ರ ಅಲ್ಲಿ ಬರೆಯಬಾರದೆಂದು ಕಟ್ಟುನಿಟ್ಟು ಮಾಡಿದಳು. ಈ ಕಂಪನಿಯೂ ನಾಳೆ ಕೈಬಿಟ್ಟರೆ? ಅದಕ್ಕೆ ಮೇಷ್ಟ್ರೇ ಉಪಾಯ ಹೇಳಿದರು: ಪ್ರತಿ ತಿಂಗಳ ಕೊನೆಗೆ ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ಫೈಲಿಗೆ ಹಾಕುವುದು.

ಠೇವಣಿಗಳ ಹಾಳೆ ತುಂಬುವಾಗ ಎರಡು ಕಡೆ ನಾಮಿನಿಯ ಜಾಗದಲ್ಲಿ ಇನ್ನೂ ತಾಯಿಯ ಹೆಸರೇ ಇರುವುದು ಬೆಳಕಿಗೆ ಬಂತು. ಸೋಮವಾರ ಬ್ಯಾಂಕಿಗೆ ಹೋಗಬೇಕೆಂದು ಮೇಷ್ಟ್ರು ಅಂಗೈ ಮೇಲೆ ಬರೆದುಕೊಂಡರು.

ಕೊನೆಯ ಸಾಲಿಗೆ ಅವರೇ ಕೈಯಾರೆ ಟೈಪು ಮಾಡಿದರು: ಸಾಸಿವೆ ಡಬ್ಬಿ. ಆಮೇಲೆ ಕನ್ನಡಕದ ಮೇಲಿಂದ ಮಡದಿಯ ಕಡೆ ನೋಡಿದರು. "ಇಲ್ಲಿ ಎಷ್ಟು ಅಂತ ಬರೀಲಿ?"

ಆಕೆ ಅವರೆಕಾಳಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಯತ್ತ ನಡೆದರು.

"ಇದೆ ಅಂತ ಬರೀರಿ, ಸಾಕು."