ಕಂಪ್ಲಿಗೋ, ಹೊಸಪೇಟಿಗೋ, ಬಳ್ಳಾರಿಗೋ?

ನಮ್ಮ ಕಡೆ ‘ರೆಫರ್’ ಎಂಬ ಪದಕ್ಕೆ ಒಳ್ಳೆಯ ಹೆಸರಿಲ್ಲ. ‘ರೆಫರ್ ಮಾಡ್ಯಾರ’ ಅಂದರೆ, ಇದು ನಮ್ಮ ಕೈಲಾಗಲ್ಲ, ಬಳ್ಳಾರಿಗೆ ಕರಕೊಂಡು ಹೋಗ್ರಿ ಅಂತ ಸಾಗಹಾಕಿದ್ದಾರೆ ಎಂದರ್ಥ. ಗಾಡಿ ಯಾರದು, ದುಡ್ಡು ಎಲ್ಲಿಂದ, ಜೊತೆಗೆ ಹೋಗೋರು ಯಾರು ಎಂಬ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಹೆಣ್ಣುಮಕ್ಕಳ ಹಾಡುಗಳನ್ನು ದಾಖಲಿಸಲು ನಾನು ಮೆಟ್ರಿಗೆ ಹೋಗಿಬರುತ್ತಿದ್ದೇನೆ. ಪಿಎಚ್.ಡಿ. ಕೆಲಸ. ಒಂದು ಸಂಜೆ ರೆಕಾರ್ಡರ್ ಆರಿಸಿದ ಮೇಲೆ ಹಾಡುವ ಅಜ್ಜಿಯೊಬ್ಬರು ಕೇಳಿದರು: “ಯವ್ವಾ, ಒಂದು ಸಣ್ಣ ಹುಡುಗೀನ ಮುಟ್ಟಬಾರದಂಗ ಮುಟ್ಯಾರ ಅಂತ ಇಟ್ಕ. ಎಲ್ಲಿಗೆ ಹೋಗಬೇಕು? ಕಂಪ್ಲಿಗೋ, ಹೊಸಪೇಟಿಗೋ, ಬಳ್ಳಾರಿಗೋ?” ಯಾರಿಗಾದರೂ ಹಾಗಾಗಿದೆಯೇ ಎಂದೆ. “ಈಗಲ್ಲ. ನನ್ನ ವಾರಿಗಿ ಒಬ್ಬಾಕಿ ಇದ್ಳು. ಯಾರಿಗೂ ಹೇಳಲಿಲ್ಲ. ದೂರದ ಊರಿಗೆ ಮದುವಿ ಮಾಡಿ ಕಳಿಸಿಬಿಟ್ರು.” ಅದೂ ಒಂದು ಬಗೆಯ ರೆಫರ್.

ಅಜ್ಜಿಯ ಪ್ರಶ್ನೆ ಬರೀ ದಾರಿಯ ಪ್ರಶ್ನೆಯಲ್ಲ. ಕಂಪ್ಲಿ ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿತ್ತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿ ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. ಮಕ್ಕಳ ಕಲ್ಯಾಣ ಸಮಿತಿ, ವಿಶೇಷ ನ್ಯಾಯಾಲಯ, ಸಖಿ ಕೇಂದ್ರ ಎಲ್ಲವೂ ಜಿಲ್ಲೆಯ ಲೆಕ್ಕದಲ್ಲಿ ನಡೆಯುವಂಥವು. ಗಡಿಯಂಚಿನ ಊರಿನವರಿಗೆ ‘ಇದು ನಮಗೆ ಬರಲ್ಲ’ ಎಂಬ ಮಾತಿನ ಭಯ ಸಹಜ.

ಆದರೆ ಕಾನೂನು ಆ ಮಾತಿಗೆ ಅವಕಾಶ ಕೊಟ್ಟಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಾದರೂ ದೂರು ಬರೆದುಕೊಳ್ಳಬೇಕು. ಸರ್ಕಾರಿಯಿರಲಿ, ಖಾಸಗಿಯಿರಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಅದಕ್ಕೆ ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕಾದ್ದರಿಂದ ಆಸ್ಪತ್ರೆಯೇ ಮೊದಲು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರು ಮಗು ಇದ್ದಲ್ಲಿಗೇ, ಸಮವಸ್ತ್ರವಿಲ್ಲದೆ ಬಂದು ಹೇಳಿಕೆ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಈ ಕಾಯ್ದೆ ಗಂಡುಹುಡುಗರಿಗೂ ಅನ್ವಯಿಸುತ್ತದೆ. ಅವರ ನೋವನ್ನು ಹೇಳಲು ಊರಲ್ಲಿ ಮಾತೇ ಇಲ್ಲ.

2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮಠವೊಂದರ ವಸತಿನಿಲಯದಲ್ಲಿದ್ದ ಇಬ್ಬರು ಬಾಲಕಿಯರು ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯನ್ನು ತಲುಪಿದ್ದು ನೆನಪಿರಬಹುದು. ಸಂಸ್ಥೆ ಅವರನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದಿತು. ಮೈಸೂರಿನ ನಜರಬಾದ್ ಠಾಣೆಯಲ್ಲೇ ಪ್ರಕರಣ ದಾಖಲಾಗಿ ಆಮೇಲೆ ಚಿತ್ರದುರ್ಗಕ್ಕೆ ವರ್ಗವಾಯಿತು. ಸತ್ಯಾಸತ್ಯ ಅಳೆಯುವುದು ನ್ಯಾಯಾಲಯದ ಕೆಲಸ, ಅದರ ಬಗ್ಗೆ ನನ್ನ ಮಾತಿಲ್ಲ. ನಾನು ನೋಡುತ್ತಿರುವುದು ದಾರಿಯನ್ನು: ಮಕ್ಕಳ ಮಾತು ಕೇಳುವ ಅಭ್ಯಾಸವಿರುವ ಒಂದು ಬಾಗಿಲು, ಅಲ್ಲಿಂದ ಸಮಿತಿ, ಅಲ್ಲಿಂದ ಠಾಣೆ. ಒಂದೊಂದು ಹೆಜ್ಜೆಗೂ ಜೊತೆಗೊಬ್ಬರಿದ್ದರು.

ಈ ‘ಜೊತೆ’ಯನ್ನು ಪೋಕ್ಸೊ ನಿಯಮಗಳೂ ಗುರುತಿಸಿವೆ. ಮಗು ಮತ್ತು ಪೋಷಕರು ಒಪ್ಪಿದರೆ ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ತನಿಖೆಯಿಂದ ವಿಚಾರಣೆಯವರೆಗೆ ಅವರು ಪಕ್ಕದಲ್ಲಿರುತ್ತಾರೆ. ನಿಜವಾದ ರೆಫರ್ ಅಂದರೆ ಇದು. ನಂಬರ್ ಬರೆದುಕೊಟ್ಟು ಕೈತೊಳೆದುಕೊಳ್ಳುವುದಲ್ಲ. ಮುಂದಿನ ಕೈ ಹಿಡಿಯುವ ತನಕ ನಮ್ಮ ಕೈ ಬಿಡದಿರುವುದು. ಅಜ್ಜಿಗೆ ನಾನು ಬರೆದುಕೊಟ್ಟಿದ್ದು ಮೂರೇ ನಂಬರು: ಮಕ್ಕಳಿಗೆ 1098, ಹೆಂಗಸರಿಗೆ 181, ಅಪಾಯ ಕಣ್ಣೆದುರೇ ಇದ್ದರೆ 112. “ನನಗ ಓದಾಕ ಬರಲ್ಲ, ಮೊಮ್ಮಗಳು ಓದ್ತಾಳ” ಎಂದು ಅವರು ಚೀಟಿಯನ್ನು ಎಲೆ ಅಡಿಕೆ ಚೀಲಕ್ಕೆ ಸೇರಿಸಿದರು.

ಸಂಶೋಧಕರಾದ ನಮಗೆ ಇನ್ನೊಂದು ಇಕ್ಕಟ್ಟಿದೆ. ಕ್ಷೇತ್ರಕಾರ್ಯದಲ್ಲಿ ನಾವು ಮೊದಲು ಕೊಡುವ ಮಾತೇ ‘ನೀವು ಹೇಳಿದ್ದು ನಮ್ಮಲ್ಲೇ ಇರುತ್ತದೆ’ ಎಂಬುದು. ಆದರೆ ಹದಿನೆಂಟು ತುಂಬದವರ ಮೇಲೆ ದೌರ್ಜನ್ಯ ನಡೆದಿದೆಯೆಂದು ತಿಳಿದ ಯಾರೇ ಆಗಲಿ ವರದಿ ಮಾಡಲೇಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಸಜೆಯಾಗಬಹುದು. ಹದಿನೆಂಟು ದಾಟಿದವಳಾದರೆ ದೂರು ಕೊಡುವ ಬಿಡುವ ನಿರ್ಧಾರ ಅವಳದೇ. ದೂರು ಕೊಡದಿದ್ದರೂ ಚಿಕಿತ್ಸೆ, ಆಪ್ತಸಮಾಲೋಚನೆ ಅವಳ ಹಕ್ಕು. ಹದಿನಾರರ ಹುಡುಗಿಗೆ ‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಿ, ಅವಳು ಹೇಳಿದ ಮೇಲೆ ಮಾತು ಮುರಿಯುವುದು ಎರಡನೆಯ ಗಾಯ. ಆದ್ದರಿಂದ ಎಷ್ಟು ಗುಟ್ಟು ಕಾಯಬಲ್ಲೆ ಎಂಬುದನ್ನು ಮೊದಲೇ ಹೇಳಬೇಕು.

ನನ್ನ ಒಪ್ಪಿಗೆ ಪತ್ರದಲ್ಲಿ ಈಗ ಒಂದು ಸಾಲು ಹೆಚ್ಚಾಗಿದೆ: ‘ಮಕ್ಕಳಿಗೆ ತೊಂದರೆಯಾಗಿರುವುದು ಗೊತ್ತಾದರೆ ನಾನು ಸುಮ್ಮನಿರಲಾರೆ, ಆದರೆ ಅವರನ್ನು ಒಂಟಿಯಾಗಿ ಕಳಿಸುವುದಿಲ್ಲ.’ ಇದನ್ನು ಓದಿ ಹೇಳಿದಾಗ ಕೆಲವರು ಮಾತು ಬದಲಿಸುತ್ತಾರೆ. ಕೆಲವರು, ಇನ್ನೊಂದು ಸಲ ಓದು ಅನ್ನುತ್ತಾರೆ.